ಹಿಡಿಯಲ್ಲಿ ಕೂತ ಕಲ್ಲು: ಚಾಕು, ಖಂಜರ್ ಮತ್ತು ಕಾರೀಗರನ ಕೈ



ವಿದ್ಯಾಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಚಾಕುವಿನ ಬಗ್ಗೆ ಲೇಖನವೇ ಎಂದು ತಾವು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ಚಾಕುವಿನ ಹಿಡಿಯಲ್ಲಿ ಕೂತ ಕಲ್ಲಿನ ಬಗ್ಗೆ, ಆ ಕಲ್ಲನ್ನು ಅಲ್ಲಿ ಕೂರಿಸಿದ ಕೈಯ ಬಗ್ಗೆ ನಾಲ್ಕು ಮಾತು ಹೇಳುವುದಿದೆ.

ನಮ್ಮ ಮನೆಯಲ್ಲಿ ಒಂದು ಮಡಚುವ ಚಾಕು ಇತ್ತು. ಗಲ್ಫಿನಲ್ಲಿ ದುಡಿಯುತ್ತಿದ್ದ ಚಾಚಾ 1980ರ ದಶಕದ ಕೊನೆಯಲ್ಲಿ ಗುಲ್ಬರ್ಗಾಕ್ಕೆ ರಜೆಯ ಮೇಲೆ ಬಂದಾಗ ತಂದದ್ದು. ಮಡಚಿದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹಿಡಿಯ ಎರಡೂ ಮಗ್ಗುಲಲ್ಲಿ ನೀಲಿ ಕಲ್ಲಿನ ತುಂಡುಗಳು, ಅವುಗಳ ನಡುವೆ ಬಿಳಿ ಲೋಹದ ಸಣ್ಣ ಗೆರೆಗಳು. ಅದು ಅಸಲಿ ಫಿರೋಜಾ ಎಂದು ಚಾಚಾ ನಂಬಿದ್ದರು. ಅಮ್ಮಿ ಅದನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರು. ಈದ್ ದಿನ ಬಂದ ನೆಂಟರಿಗೆ ಒಮ್ಮೆ ಬಿಚ್ಚಿ ತೋರಿಸುವುದು, ಮತ್ತೆ ಸುತ್ತಿಡುವುದು, ಅಷ್ಟೇ ಅದರ ಉಪಯೋಗ.

ಕೆಲವು ವರ್ಷಗಳ ನಂತರ ಆಪಾಗೆ ಬಿ.ಎಡ್. ಸೀಟು ಸಿಕ್ಕಿತು. ಶುಲ್ಕ ಕಟ್ಟಲು ಹದಿನೈದು ದಿನ ಮಾತ್ರ ಉಳಿದಿತ್ತು. "ಆ ಚಾಕು ಇದೆಯಲ್ಲ" ಎಂದರು ಅಬ್ಬಾ. ಮಾರುವ ಮೊದಲು ಒಮ್ಮೆ ತಿಳಿದವರಿಗೆ ತೋರಿಸೋಣ ಎಂದು ನಾನು ಅದನ್ನು ಬಜಾರಿನಲ್ಲಿ ಸಾಣೆ ಹಿಡಿಯುತ್ತಿದ್ದ ಒಬ್ಬ ಹಿರಿಯರ ಬಳಿ ಒಯ್ದೆ. ಅವರು ಮೊದಲು ಕಲ್ಲನ್ನು ನೋಡಲೇ ಇಲ್ಲ. ಚಾಕುವನ್ನು ಕಿವಿಯ ಬಳಿ ಹಿಡಿದು ತೆರೆದರು, ಮಡಚಿದರು, ಮತ್ತೆ ತೆರೆದರು. ಅಲಗಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನ ಉಗುರನ್ನು ಹಿಡಿಯ ಮೇಲೆ ಉದ್ದಕ್ಕೂ ಎಳೆದರು. "ಬೇಟಾ, ಈ ಕಲ್ಲು ಕಲ್ಲಲ್ಲ. ಕಲ್ಲಿನ ಪುಡಿಗೆ ಅಂಟು ಕಲಸಿ ಒತ್ತಿದ್ದು. ಆದರೆ ಈ ಕೀಲು ಕೂರಿಸಿದವನು ಉಸ್ತಾದ್" ಎಂದರು.

ಚಾಕು ಮಾರಾಟವಾಗಲಿಲ್ಲ. ಅಮ್ಮಿಯ ಎರಡು ಬಳೆ ಹೋದವು, ಆಪಾ ಕಾಲೇಜಿಗೆ ಸೇರಿದಳು. ನನಗೆ ಮಾತ್ರ ಆ ಮುದುಕರ ಮಾತು ತಲೆಯಲ್ಲಿ ಉಳಿಯಿತು. ಕಲ್ಲು ಖೋಟಾ, ಕೆಲಸ ಅಸಲಿ. ಇವೆರಡೂ ಒಂದೇ ವಸ್ತುವಿನಲ್ಲಿ ಇರಬಹುದೆಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಮುಂದೆ ಇತಿಹಾಸದ ವಿದ್ಯಾರ್ಥಿಯಾಗಿ ಸುಲ್ತಾನರ, ಬಾದಶಹರ ವಸ್ತುಗಳ ಬಗ್ಗೆ ಓದುವಾಗಲೆಲ್ಲ ಆ ಉಗುರು ನೆನಪಾಗುತ್ತಿತ್ತು.

ಫಿರೋಜಾ ಎಂದಾಗ ನಮ್ಮ ಗುಲ್ಬರ್ಗಾದ್ದೇ ಒಂದು ಪ್ರಸಂಗ ಹೇಳಬೇಕು. ಬಹಮನಿ ಸುಲ್ತಾನರ ಸಿಂಹಾಸನದ ಹೆಸರು ತಖ್ತ್-ಎ-ಫಿರೋಜಾ. ಒಂದನೇ ಮುಹಮ್ಮದ್ ಷಾಹನ ಆಳ್ವಿಕೆಯಲ್ಲಿ (1358-75) ತೆಲಂಗಾಣದ ಅರಸನಿಂದ ಇದು ಬಂದಿತೆಂದು ಚರಿತ್ರೆಕಾರ ಫಿರಿಷ್ತಾ ಬರೆಯುತ್ತಾನೆ. ಈ ಫಿರಿಷ್ತಾ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಷಾಹನ ಆಶ್ರಯದಲ್ಲಿ ಕೂತು ತನ್ನ ಗ್ರಂಥ ರಚಿಸಿದವನು. ಅವನ ಪ್ರಕಾರ ಆ ಸಿಂಹಾಸನಕ್ಕೆ ಈ ಹೆಸರು ಬಂದದ್ದು ಅದರ ಮೇಲಿದ್ದ ಆಕಾಶನೀಲಿ ಮೀನಾಕಾರಿ ಕೆಲಸದಿಂದ. ಆದರೆ ಬಂದ ಬಂದ ಸುಲ್ತಾನರೆಲ್ಲ ಅದರ ಮೇಲೆ ರತ್ನಗಳನ್ನು ಸೇರಿಸುತ್ತಾ ಹೋದರು. ಕೊನೆಗೆ ಆ ನೀಲಿಯೇ ಕಾಣದಂತೆ ಮುಚ್ಚಿಹೋಯಿತು. ಹೆಸರು ಮಾತ್ರ ಉಳಿಯಿತು. ರಾಜ್ಯ ಸಡಿಲಗೊಂಡ ಕಾಲದಲ್ಲಿ ಸಿಂಹಾಸನವನ್ನೇ ಒಡೆದು ರತ್ನಗಳನ್ನು ಬೇರೆ ಮಾಡಿದರು. ರತ್ನಕ್ಕೆ ಎಲ್ಲಿ ಹೋದರೂ ಬೆಲೆ ಉಂಟು. ಮೀನಾಕಾರಿ ಮಾಡಿದವನ ಕೆಲಸ ಒಡೆದ ಮೇಲೆ ಮುಗಿಯಿತು.

ಮಡಚುವ ಚಾಕುವಿನ ಪರೀಕ್ಷೆ

ಮಡಚುವ ಚಾಕು ಹೊಸ ಕಾಲದ ವಸ್ತುವೆಂದು ಅನೇಕರು ತಿಳಿದಿದ್ದಾರೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಮೂಳೆಯ ಹಿಡಿಯುಳ್ಳ ಮಡಚುವ ಚಾಕು ಸಿಕ್ಕಿದೆ. ಅದರ ಕಾಲ ಸುಮಾರು ಕ್ರಿ.ಪೂ. 6ನೇ ಶತಮಾನ. ರೋಮನ್ನರೂ ಬಳಸುತ್ತಿದ್ದರು. ಆದರೆ ಅವುಗಳಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುತ್ತಿದ್ದುದು ಕೀಲಿನ ಬಿಗಿ ಮಾತ್ರ. ಹಿಡಿಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಕೂರಿಸಿ ಅಲಗನ್ನು ತಡೆಯುವ ವಿಧಾನ ಇಂಗ್ಲೆಂಡಿನ ಶೆಫೀಲ್ಡ್‌ನಂಥ ಊರುಗಳಲ್ಲಿ ಬೆಳೆಯಿತು. ಸ್ಪೇನಿನ ಅಲ್ಬಸೀಟ್ ಊರು ನವಾಹಾ ಎಂಬ ಮಡಚುವ ಚಾಕುವಿಗೆ ಪ್ರಸಿದ್ಧ; ಆ ಊರಿನ ಹೆಸರೇ ಬಯಲು ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ನಮ್ಮ ದೇಶದಲ್ಲಿ ಉತ್ತರಪ್ರದೇಶದ ರಾಂಪುರಿ ಚಾಕುವಿನ ಹೆಸರು ಕೇಳದವರಿಲ್ಲ. ಹಿಂದಿ ಸಿನಿಮಾದ ಖಳನಾಯಕರು ಅದಕ್ಕೆ ಕೆಟ್ಟ ಹೆಸರು ತಂದರು. 2023ರಲ್ಲಿ ರಾಂಪುರದವರು ಚೌಕವೊಂದರಲ್ಲಿ ಸುಮಾರು 20 ಅಡಿಯ ಚಾಕುವನ್ನೇ ನಿಲ್ಲಿಸಿ ತಮ್ಮ ಕಸುಬಿನ ಮಾನ ಕಾಪಾಡಿಕೊಂಡರು.

ಕಲ್ಲು ಕೂರಿಸಿದ ಮಡಚುವ ಚಾಕುಗಳು ಮಾತ್ರ ಹೆಚ್ಚಾಗಿ 20ನೇ ಶತಮಾನದ ಅಮೆರಿಕದ ಕಾರೀಗರರವು. ಆ ದೇಶದ ನೈರುತ್ಯ ಭಾಗದ ಜುನಿ, ನವಾಹೋ ಮುಂತಾದ ಮೂಲನಿವಾಸಿಗಳು ಬೆಳ್ಳಿ ಮತ್ತು ಫಿರೋಜಾ ಕೆಲಸದಲ್ಲಿ ನಿಪುಣರು. ಬೆಳ್ಳಿಯ ತೆಳುವಾದ ಗೋಡೆಗಳಿಂದ ಸಣ್ಣ ಸಣ್ಣ ಕೋಣೆಗಳನ್ನು ಮಾಡಿ, ಪ್ರತಿ ಕೋಣೆಯ ಅಳತೆಗೆ ಕಲ್ಲು ಕತ್ತರಿಸಿ ಕೂರಿಸುವುದು ಜುನಿಗಳ ಒಂದು ಪದ್ಧತಿ. ಅದೇ ಬಗೆಯ ಕೆಲಸ ಮುಂದೆ ಚಾಕುವಿನ ಹಿಡಿಗೂ ಬಂತು.

ಇಲ್ಲಿ ಒಂದು ತೊಡಕಿದೆ. ಅದನ್ನು ಅರ್ಥ ಮಾಡಿಕೊಂಡರೆ ಸಾಣೆಯ ಮುದುಕರು ಉಗುರು ಎಳೆದದ್ದೇಕೆಂದು ತಿಳಿಯುತ್ತದೆ. ವಸ್ತುಗಳ ಗಡಸುತನವನ್ನು ಅಳೆಯಲು ಮೋಸ್ ಎಂಬಾತನ ಹೆಸರಿನ ಒಂದು ಮಾಪಕವಿದೆ. ಅದರಲ್ಲಿ ವಜ್ರ 10. ಫಿರೋಜಾ 5ರಿಂದ 6. ಲಾಜವರ್ದ್ 5ರ ಆಸುಪಾಸು. ಬೆಳ್ಳಿ 3ಕ್ಕೂ ಕಡಿಮೆ. ಹಿಡಿಯ ಮೇಲೆ ಇವೆಲ್ಲವನ್ನೂ ಪಕ್ಕಪಕ್ಕದಲ್ಲಿ ಕೂರಿಸಿ ಒಟ್ಟಿಗೆ ಸಾಣೆ ಹಿಡಿದರೆ ಏನಾಗುತ್ತದೆ? ಮೆತ್ತನೆಯದು ಬೇಗ ಸವೆಯುತ್ತದೆ, ಗಟ್ಟಿಯದು ಉಬ್ಬಿ ನಿಲ್ಲುತ್ತದೆ. ಬೆಳ್ಳಿಯ ಗೆರೆ ಕಾಲುವೆಯಂತೆ ತಗ್ಗಾಗುತ್ತದೆ. ಕಣ್ಣಿಗೆ ಇದು ಕಾಣದು, ಹೊಳಪು ಅದನ್ನು ಮರೆಮಾಡುತ್ತದೆ. ಉಗುರಿಗೆ ಮಾತ್ರ ಸಿಕ್ಕಿಬೀಳುತ್ತದೆ. ಕಲ್ಲು, ಲೋಹ, ಮತ್ತೆ ಕಲ್ಲು ಎಂದು ಉಗುರು ಎಲ್ಲಿಯೂ ತಡೆಯದೆ ಜಾರಿದರೆ, ಆ ಕಾರೀಗರ ಒತ್ತಡ ಎಷ್ಟು, ಪುಡಿ ಎಷ್ಟು ನಯ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬಲ್ಲವನು.

ಮಿಕ್ಕ ಪರೀಕ್ಷೆಗಳು ಸುಲಭ. ತುಂಡುಗಳ ನಡುವೆ ಅಂಟಿನ ಗೆರೆ ಕಾಣಬಾರದು. ಸಂದಿಗೆ ಬಣ್ಣದ ಅಂಟು ತುಂಬಿ ಮುಚ್ಚಿದ್ದರೆ ಕತ್ತರಿಸಿದವನ ಅಳತೆ ತಪ್ಪಿದೆ ಎಂದರ್ಥ. ಅಸಲಿ ಫಿರೋಜಾದಲ್ಲಿ ಒಂದು ತುಂಡಿನಂತೆ ಇನ್ನೊಂದು ಇರುವುದಿಲ್ಲ. ಬಣ್ಣ ಸ್ವಲ್ಪ ಹೆಚ್ಚುಕಡಿಮೆ, ಎಲ್ಲೋ ಒಂದು ಕಂದು ನರ. ಎಲ್ಲವೂ ಒಂದೇ ಸಮ ನೀಲಿಯಾಗಿದ್ದರೆ ಸಂಶಯಪಡಿ. ಮಾರುಕಟ್ಟೆಯ ಬಹುಪಾಲು ಫಿರೋಜಾ ಇಂದು ರಾಳ ಕುಡಿಸಿ ಗಟ್ಟಿ ಮಾಡಿದ್ದು, ಇಲ್ಲವೇ ಪುಡಿಯಿಂದ ಒತ್ತಿದ್ದು. ಚಾಕುವನ್ನು ಮಡಚಿದಾಗ ಅಲಗು ಹಿಡಿಯ ಎರಡು ಮಗ್ಗುಲಿಗೆ ಸರಿಯಾಗಿ ನಡುವೆ ನಿಲ್ಲಬೇಕು. ತೆರೆದಾಗ ಪಕ್ಕಕ್ಕೆ ಅಲ್ಲಾಡಬಾರದು. ಬೆನ್ನಿನ ಸ್ಪ್ರಿಂಗ್ ತೆರೆದಾಗಲೂ ಮಡಚಿದಾಗಲೂ ಹಿಡಿಯ ಅಂಚಿಗೆ ಸಮನಾಗಿ ಕೂರಬೇಕು, ಸದ್ದು ಒಂದೇ ಏಟಿಗೆ ಖಡಕ್ಕಾಗಿ ಬರಬೇಕು. ಹಿಡಿ ಎಷ್ಟೇ ಸುಂದರವಾಗಿರಲಿ, ಈ ಸದ್ದು ಸರಿಯಿಲ್ಲದಿದ್ದರೆ ಅದು ಚಾಕುವಲ್ಲ, ಆಟಿಕೆ.

ಕುಂದಣದ ಕೆಲಸ

ಕಾಲೇಜಿನ ಪ್ರವಾಸದಲ್ಲಿ ಹೈದರಾಬಾದಿಗೆ ಹೋದಾಗ ಎಲ್ಲರಂತೆ ನಾವೂ ಸಾಲಾರ್ ಜಂಗ್ ಮ್ಯೂಜಿಯಂ ನೋಡಿದೆವು. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889-1949) ಅವರ ಸಂಗ್ರಹವೇ ಇದಕ್ಕೆ ಆಧಾರ. 1951ರಲ್ಲಿ ನೆಹರೂ ಉದ್ಘಾಟಿಸಿದ್ದು. ಮಿತ್ರರೆಲ್ಲ ಗಂಟೆ ಹೊಡೆಯುವ ಗಡಿಯಾರದ ಮುಂದೆ ಜಮಾಯಿಸಿದ್ದರು. ಜೇಡ್ ಶಿಲೆಯ ಕೋಣೆಯಲ್ಲಿ ಜನ ಕಡಿಮೆ. ಅಲ್ಲಿ ನೂರ್ ಜಹಾನಳದೆಂದು ಹೇಳುವ ಹಣ್ಣು ಹೆಚ್ಚುವ ಚಾಕು ಇದೆ. ಜೇಡ್ ಹಿಡಿ, ಅದರಲ್ಲಿ ರತ್ನಗಳು. ಜಹಾಂಗೀರನ ಹೆಸರಿನ ಕಿರುಗತ್ತಿಯೂ ಇದೆ. ಗಾಜಿನ ಮೇಲೆ ಉಗುರು ಎಳೆದು ಪ್ರಯೋಜನವಿಲ್ಲ! ಆದರೂ ಕಣ್ಣಿನಿಂದಲೇ ನೋಡಬಹುದಾದದ್ದು ಬಹಳ ಉಂಟು.

ಮೊದಲು ಜೇಡ್ ಬಗ್ಗೆ. ಉರ್ದುವಿನಲ್ಲಿ ಸಂಗ್-ಎ-ಯಶಬ್ ಎನ್ನುತ್ತೇವೆ. ಮೊಗಲರಿಗೆ ಇದು ಬರುತ್ತಿದ್ದುದು ಮಧ್ಯ ಏಷ್ಯಾದ ಖೋತಾನ್ ನದಿಗಳಿಂದ. ವಿಷದಿಂದ ಕಾಪಾಡುತ್ತದೆ ಎಂಬ ನಂಬಿಕೆಯೂ ಇತ್ತು, ಅದು ಬೇರೆ ಮಾತು. ಇದರ ಗಡಸುತನ 6ರಿಂದ 6.5. ಅದಕ್ಕಿಂತ ಮುಖ್ಯವಾಗಿ ಒಳಗಿನ ಎಳೆಗಳು ಕಂಬಳಿಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉಳಿ ಸುತ್ತಿಗೆಗೆ ಜಗ್ಗುವುದಿಲ್ಲ. ಜೇಡನ್ನು ಕೆತ್ತುತ್ತಾರೆ ಎನ್ನುವುದೇ ತಪ್ಪು, ಉಜ್ಜುತ್ತಾರೆ. ಬಿಲ್ಲಿನ ಹಗ್ಗದಿಂದ ತಿರುಗಿಸುವ ಚಕ್ರಕ್ಕೆ ಒದ್ದೆ ಮಾಡಿದ ಕುರುಂದದ ಪುಡಿ ಹಚ್ಚಿ, ಕಲ್ಲನ್ನು ಕೂದಲೆಳೆಯಷ್ಟಾಗಿ ಸವೆಸುತ್ತಾ ಹೋಗಬೇಕು. ಕುರುಂದದ ಗಡಸುತನ 9. ಇಂಗ್ಲಿಷಿನವರು ಕೊರಂಡಂ ಎನ್ನುವುದು ದಕ್ಷಿಣದ ನಮ್ಮ ಈ ಮಾತನ್ನೇ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಜಿಯಂನಲ್ಲಿ ಸುಮಾರು 1640ರ ಒಂದು ಖಂಜರ್ ಇದೆ. ಅದರ ಜೇಡ್ ಹಿಡಿಯ ತುದಿ ನೀಲಗಾಯಿಯ ತಲೆ. ಅದರ ಚಿತ್ರ ಸಿಕ್ಕರೆ ಮೂಗಿನ ಹೊಳ್ಳೆ, ಕಿವಿಯ ಮಡಿಕೆ, ಕಣ್ಣಿನ ಸುತ್ತಲಿನ ಉಬ್ಬು ನೋಡಿ. ಒಂದೂ ರತ್ನವಿಲ್ಲದೆ ಪ್ರಾಣಿಗೆ ಜೀವ ಬಂದಿದೆ. ನನ್ನ ಮಟ್ಟಿಗೆ ಮೊಗಲ್ ಹಿಡಿಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಇಂಥ ಕಲ್ಲಿನಲ್ಲಿ ಮಾಣಿಕ್ಯ, ಪಚ್ಚೆ ಕೂರಿಸುವುದು ಹೇಗೆ? ಅಂಟು ಬಳಸುವಂತಿಲ್ಲ, ಬೆಂಕಿ ತೋರಿಸಿದರೆ ಕಲ್ಲು ಸೀಳಬಹುದು. ಇದಕ್ಕೆ ಉತ್ತರ ಕುಂದಣ. ಕನ್ನಡದಲ್ಲಿ ಕುಂದಣವೆಂದರೆ ಅಪ್ಪಟ ಚಿನ್ನ. ಅಬುಲ್ ಫಜಲ್ ಆಯಿನ್-ಎ-ಅಕ್ಬರಿಯಲ್ಲಿ ಇದನ್ನು ಹೆಮ್ಮೆಯಿಂದ ವಿವರಿಸುತ್ತಾನೆ. ಬೇರೆ ದೇಶಗಳಲ್ಲಿ ರತ್ನವನ್ನು ಅದಕ್ಕೆಂದೇ ಮಾಡಿದ ಗೂಡಿನಲ್ಲಿ ಬಿಗಿಯುತ್ತಾರೆ, ಹಿಂದೂಸ್ತಾನದಲ್ಲಿ ಮಾತ್ರ ಕೈಯಲ್ಲಿ ಹಿಸುಕಬಹುದಾದಷ್ಟು ಶುದ್ಧವಾದ ಚಿನ್ನದಿಂದ ಕೂರಿಸುತ್ತಾರೆ ಎಂಬುದು ಅವನ ಮಾತಿನ ಸಾರಾಂಶ. ಕೆಲಸ ಹೀಗೆ ನಡೆಯುತ್ತದೆ. ಜೇಡ್‌ನಲ್ಲಿ ಹೂವಿನ ಎಸಳಿನ ಆಕಾರದ ಗುಳಿ ಉಜ್ಜುತ್ತಾರೆ. ಬಾಯಿಗಿಂತ ತಳ ಕೊಂಚ ಅಗಲವಾಗಿರುವಂತೆ. ರತ್ನವನ್ನು ಅದರಲ್ಲಿ ಇಡುತ್ತಾರೆ. ತೆಳುವಾದ ಅಪ್ಪಟ ಚಿನ್ನದ ಹಾಳೆಯ ಪಟ್ಟಿಗಳನ್ನು ಸಂದಿಗೆ ತುರುಕಿ ಉಕ್ಕಿನ ಮೊನೆಯಿಂದ ಒತ್ತುತ್ತಾರೆ. ಅಷ್ಟು ಶುದ್ಧ ಚಿನ್ನ ಒತ್ತಡಕ್ಕೇ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ, ಬಿಸಿ ಬೇಡ. ತಳದ ಅಗಲಕ್ಕೆ ಹರಡಿಕೊಂಡ ಚಿನ್ನ ಮತ್ತೆ ಹೊರಬರಲಾರದು. ನಾನೂರು ವರ್ಷ ಕಳೆದರೂ ಅನೇಕ ಹಿಡಿಗಳಲ್ಲಿ ಕಲ್ಲುಗಳು ಕದಲಿಲ್ಲ.

ಹಾಗಾದರೆ ಗಾಜಿನಾಚೆ ನಿಂತು ನೋಡಬೇಕಾದದ್ದು ಏನು? ರತ್ನದ ಗಾತ್ರವನ್ನಂತೂ ಅಲ್ಲ. ರತ್ನದ ಸುತ್ತಲಿನ ಚಿನ್ನದ ಗೆರೆ ನೋಡಿ. ಉತ್ತಮ ಕೆಲಸದಲ್ಲಿ ಅದು ಒಂದೇ ದಪ್ಪದಲ್ಲಿ ಓಡುತ್ತದೆ, ಬಳ್ಳಿ ತಿರುಗಿದಲ್ಲಿ ತಾನೂ ತಿರುಗಿ ತುದಿಯಲ್ಲಿ ಸಣ್ಣದಾಗುತ್ತದೆ. ಕಳಪೆ ಕೆಲಸದಲ್ಲಿ ಗುಳಿಗೂ ರತ್ನಕ್ಕೂ ಅಳತೆ ಕೂಡದೆ ಒಂದು ಕಡೆ ಚಿನ್ನ ದಪ್ಪ, ಇನ್ನೊಂದು ಕಡೆ ದಾರದಷ್ಟು. ಎಸಳಿನ ಆಕಾರಕ್ಕೆ ರತ್ನವನ್ನು ಕತ್ತರಿಸಿದ್ದಾರೋ, ಸಿಕ್ಕ ರತ್ನಕ್ಕೆ ಎಸಳನ್ನು ಹೊಂದಿಸಿದ್ದಾರೋ ಗಮನಿಸಿ. ಮಾಣಿಕ್ಯದ ಗಡಸುತನ 9. ಅದನ್ನು ಎಸಳಾಗಿ ಬಾಗಿಸುವುದು ಎಂದರೆ ಹುಡುಗಾಟವಲ್ಲ. ಹಿಡಿ ಮುಗಿದು ಅಲಗು ಆರಂಭವಾಗುವ ಜಾಗವನ್ನೂ ನೋಡಿ. ಅಲಗಿನ ಬಾಲವನ್ನು ಹಿಡಿಯೊಳಗಿನ ರಂಧ್ರಕ್ಕೆ ಅರಗು ತುಂಬಿ ಕೂರಿಸುತ್ತಿದ್ದರು. ಹಿಡಿಯೊಂದು ಕಾಲದ್ದು, ಅಲಗೊಂದು ಕಾಲದ್ದು ಆಗಿರುವುದುಂಟು, ಆಗ ಆ ಸಂಧಿಯಲ್ಲಿ ಗೆರೆ ಕೂಡುವುದಿಲ್ಲ.

ಪ್ರವಾಸಿಗರಿಗೆ ಮಾರುವ ಇಂದಿನ ನಕಲುಗಳಲ್ಲಿ ಹಸಿರು ಮೆದು ಕಲ್ಲಿನ ಹಿಡಿ, ಅಂಟಿಸಿದ ಗಾಜು, ಚಿನ್ನದ ಬಣ್ಣ. ಅವುಗಳಲ್ಲಿಯೂ ಒಳ್ಳೆಯ ಕೈಗಳಿವೆ, ಆದರೆ ಅವರಿಗೆ ಸಮಯ ಕೊಡುವ ಗಿರಾಕಿ ಇಲ್ಲ.

ದೊಡ್ಡ ರತ್ನಕ್ಕೆ ಮರುಳಾಗುವವರಿಗೆ ಇಸ್ತಾಂಬುಲಿನ ತೋಪ್‌ಕಾಪಿ ಖಂಜರ್ ಒಂದು ಉದಾಹರಣೆ. ಸುಲ್ತಾನ್ ಒಂದನೇ ಮಹಮೂದ್ ಇದನ್ನು ನಾದಿರ್ ಷಾಹನಿಗೆ ಕಾಣಿಕೆಯಾಗಿ ಕಳುಹಿಸಿದ್ದ. ದಾರಿಯಲ್ಲಿರುವಾಗಲೇ 1747ರಲ್ಲಿ ನಾದಿರನ ಕೊಲೆಯಾದ ಸುದ್ದಿ ಬಂತು, ಖಂಜರ್ ಹಿಂದಿರುಗಿತು. ಹಿಡಿಯ ಮೇಲೆ ಮೂರು ದೊಡ್ಡ ಪಚ್ಚೆಗಳು, ತುದಿಯಲ್ಲಿ ಮುಚ್ಚಳದ ಕೆಳಗೆ ಒಂದು ಪುಟ್ಟ ಗಡಿಯಾರ. ಪ್ರಪಂಚವೆಲ್ಲ ಅದನ್ನು ನೋಡಲು ಹೋಗುತ್ತದೆ. ಪಚ್ಚೆಗಳನ್ನು ತೆಗೆದರೆ ಅದರಲ್ಲಿ ಎಷ್ಟು ಉಳಿಯುತ್ತದೆ, ನೀಲಗಾಯಿಯ ಹಿಡಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ತಾವೇ ತೂಗಿ ನೋಡಿ.

ಬಲ್ಲ ಬಾದಶಹ

ಕೆಲಸವನ್ನು ನೋಡಬಲ್ಲ ಕಣ್ಣು ರಾಜರಿಗೆ ಇರಲೇ ಇಲ್ಲವೆಂದರೆ ಅನ್ಯಾಯವಾದೀತು. ಜಹಾಂಗೀರನಿಗೆ (ಆಳ್ವಿಕೆ 1605-27) ಅದು ಧಾರಾಳವಾಗಿತ್ತು. ಅವನು ತನ್ನ ಆತ್ಮಕಥೆಯಲ್ಲಿ ಒಂದು ಮಚ್ಚೆಯುಳ್ಳ ದಂತದ ವಿಷಯ ಬರೆದಿದ್ದಾನೆ. ಮೀನಿನ ಹಲ್ಲು ಎಂದು ಆ ಕಾಲದವರು ಕರೆಯುತ್ತಿದ್ದುದು ಉತ್ತರ ಸಮುದ್ರಗಳ ವಾಲ್ರಸ್ ಪ್ರಾಣಿಯ ದಂತ. ಅದರಿಂದ ಖಂಜರಿನ ಹಿಡಿಗಳನ್ನು ಮಾಡಲು ಪುರಣ್ ಮತ್ತು ಕಲ್ಯಾಣ್ ಎಂಬ ಇಬ್ಬರು ಕೆತ್ತನೆಗಾರರಿಗೆ ಒಪ್ಪಿಸಿದ. ಅಲಗು, ಒರೆ ಮತ್ತಿತರ ಭಾಗಗಳಿಗೆ ಬೇರೆ ಬೇರೆ ನುರಿತವರು. ಹಿಡಿ ಸಿದ್ಧವಾಗಿ ಬಂದಾಗ ಅದರಲ್ಲಿ ಹಲವು ಬಣ್ಣಗಳು ಕಾಣಿಸಿಕೊಂಡಿದ್ದವು. ದಂತದ ಸಹಜ ಕಪ್ಪು ಗೆರೆಗಳೇ ಹೂವುಗಳ ಸುತ್ತ ಚಿತ್ರಗಾರ ಎಳೆದ ರೇಖೆಗಳಂತೆ ತೋರುತ್ತಿದ್ದವು. ಇದನ್ನು ಒಂದು ಗಳಿಗೆಯೂ ಬಿಟ್ಟಿರಲಾರೆ ಎಂಬ ಭಾವದಲ್ಲಿ ಬಾದಶಹ ಬರೆಯುತ್ತಾನೆ. ಗಮನಿಸಿ, ಖಜಾನೆಯಲ್ಲಿ ಮಾಣಿಕ್ಯದ ರಾಶಿ ಇದ್ದ ದೊರೆ ಮನಸೋತದ್ದು ಹಲ್ಲಿನೊಳಗಿನ ಬಣ್ಣದ ಓಟವನ್ನು ಮೊದಲೇ ಊಹಿಸಿ ಹೂ ಬಿಡಿಸಿದ ಕೈಗೆ. ಆ ಇಬ್ಬರ ಹೆಸರನ್ನೂ ಬರೆದಿಟ್ಟ.

ಮತ್ತೊಂದು ಪ್ರಸಂಗ 1621ರದು. ಆ ವರ್ಷ ಏಪ್ರಿಲ್‌ನಲ್ಲಿ ಪಂಜಾಬಿನ ಜಲಂಧರ್ ಸೀಮೆಯ ಹಳ್ಳಿಯೊಂದರಲ್ಲಿ ಭಾರೀ ಸದ್ದಿನೊಡನೆ ಆಕಾಶದಿಂದ ಬೆಂಕಿಯುಂಡೆ ಬಿತ್ತು. ಅಲ್ಲಿಯ ಅಧಿಕಾರಿ ನೆಲ ಅಗೆಸಿದಾಗ ಬಿಸಿಯಾದ ಕಬ್ಬಿಣದ ಗಟ್ಟಿ ಸಿಕ್ಕಿತು. ತೂಕ 160 ತೊಲ, ಅಂದರೆ ಸುಮಾರು ಎರಡು ಕಿಲೋ. ಇದರಿಂದ ಕತ್ತಿ, ಖಂಜರ್, ಚಾಕು ಮಾಡಲು ಉಸ್ತಾದ್ ದಾವೂದನಿಗೆ ಆಜ್ಞೆಯಾಯಿತು. ದಾವೂದ್ ಬಂದು ನಿಜ ಹೇಳಿದ: ಇದು ಸುತ್ತಿಗೆಯ ಕೆಳಗೆ ನಿಲ್ಲುವುದಿಲ್ಲ, ಪುಡಿಯಾಗುತ್ತದೆ. ಬೇರೆ ಕಬ್ಬಿಣ ಬೆರೆಸಲು ಅಪ್ಪಣೆ ದೊರೆಯಿತು. ಮೂರು ಭಾಗ ಆಕಾಶದ ಕಬ್ಬಿಣ, ಒಂದು ಭಾಗ ನೆಲದ್ದು. ಎರಡು ಕತ್ತಿ, ಒಂದು ಖಂಜರ್, ಒಂದು ಚಾಕು ಆದವು. ಬಾಗಿಸಿದರೆ ಬಾಗಿ ಮತ್ತೆ ನೆಟ್ಟಗಾದವು. ಆ ಚಾಕು ಈಗ ವಾಷಿಂಗ್ಟನ್ನಿನ ಫ್ರೀರ್ ಕಲಾಶಾಲೆಯಲ್ಲಿದೆ, ಅಲಗಿನ ಮೇಲೆ ಚಿನ್ನದ ಅಕ್ಷರಗಳಿವೆ. ವಿದ್ಯಾರ್ಥಿ ಮಿತ್ರರೇ, ಬಾದಶಹನ ಎದುರು ನಿಂತು ಇದು ಆಗದು, ಹೀಗೆ ಮಾಡಿದರೆ ಆದೀತು ಎಂದು ಹೇಳಲು ತನ್ನ ಕಸುಬನ್ನು ಎಷ್ಟು ಬಲ್ಲವನಾಗಿರಬೇಕು!

ಅಲಗಿನ ಮಾತು ಬಂದಾಗ ನಮ್ಮ ನಾಡನ್ನು ಬಿಡುವಂತಿಲ್ಲ. ನೀರಿನ ಅಲೆಯಂಥ ನಮೂನೆ ಕಾಣುವ ಉಕ್ಕನ್ನು ಯುರೋಪಿನವರು ವೂಟ್ಸ್ ಎಂದು ಕರೆದರು. ಇದು ಕನ್ನಡದ ಉಕ್ಕು ಎಂಬ ಪದದಿಂದಲೇ ಆದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಬಗ್ಗೆ ಪ್ರಬಂಧ ಓದಲಾಯಿತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ನೋಡಿ ಬರೆದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣಕ್ಕೆ ಇದ್ದಿಲು, ಎಲೆ ಸೇರಿಸಿ ಮುಚ್ಚಿ ಕಾಯಿಸುವ ವಿಧಾನವದು. ಈ ಉಕ್ಕನ್ನು ಅತಿಯಾಗಿ ಕಾಯಿಸಿ ಬಡಿದರೆ ಅಲೆ ಮಾಯ. ಆದ್ದರಿಂದಲೇ ಅಲೆ ಕಾಣುವ ಅಲಗು ಬಡಿದವನ ಸಂಯಮದ ಗುರುತು. ನಕಲಿನಲ್ಲಿ ಅಲೆಯನ್ನು ಆಮ್ಲದಿಂದ ಮೇಲ್ಮೈಗೆ ಮಾತ್ರ ಬರೆದಿರುತ್ತಾರೆ. ಸಾಣೆ ಹಿಡಿದರೆ ಅದು ಹೋಗಿಯೇಬಿಡುತ್ತದೆ. ಅಸಲಿಯಲ್ಲಿ ಸಾಣೆಯ ನಂತರ ಮತ್ತೆ ಆಮ್ಲ ಸೋಕಿಸಿದರೆ ಅದೇ ಅಲೆ ಮೇಲೇಳುತ್ತದೆ.

ಅಲಗಿನ ಮೇಲಿನ ಚಿನ್ನದಲ್ಲಿಯೂ ಎರಡು ಬಗೆ. ಉಕ್ಕಿನ ಮೇಲ್ಮೈಯನ್ನು ಅಡ್ಡಡ್ಡ ಗೀಚಿ ಚಿನ್ನದ ತಂತಿಯನ್ನು ಬಡಿದು ಹಿಡಿಸುವುದು ಕೋಫ್ತ್‌ಗರಿ. ತೋಡು ಕೊರೆದು ಅದರೊಳಗೆ ಚಿನ್ನ ತುಂಬುವುದು ತಹ್‌ನಿಶಾನ್. ಮೊದಲನೆಯದು ಸವೆದಲ್ಲಿ ಕೆಳಗಿನ ಗೀಚುಗಳು ಕಾಣುತ್ತವೆ. ಎರಡನೆಯದು ಸವೆದರೂ ಚಿನ್ನವೇ ಕಾಣುತ್ತದೆ. ಟಿಪ್ಪು ಸುಲ್ತಾನನ ಆಯುಧಗಳಲ್ಲಿ ಹುಲಿಪಟ್ಟೆಯ ನಮೂನೆಯೊಂದಿಗೆ ಚಿನ್ನದ ಕೆಲಸ ಧಾರಾಳ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅವನ ಒಂದು ಕತ್ತಿ 1 ಕೋಟಿ 40 ಲಕ್ಷ ಪೌಂಡ್‌ಗೆ ಹರಾಜಾಯಿತು. ನಮ್ಮ ಪತ್ರಿಕೆಗಳು ಮೊತ್ತವನ್ನು ದಪ್ಪ ಅಕ್ಷರದಲ್ಲಿ ಹಾಕಿದವು. ಕತ್ತಿಯ ಮೇಲಿನ ಕೆಲಸದ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ ಸಿಂಹಾಸನದ ಗತಿಯೂ ತಖ್ತ್-ಎ-ಫಿರೋಜಾದಂತೆಯೇ ಆಯಿತು. ಲೂಟಿ ಹಂಚಿಕೊಳ್ಳಲು ಅದನ್ನು ತುಂಡು ಮಾಡಿದರು. ಕುಂದಣದಲ್ಲಿ ಮಾಣಿಕ್ಯ, ವಜ್ರ, ಪಚ್ಚೆ ಕೂರಿಸಿದ ಅದರ ಹುಲಿತಲೆಗಳಲ್ಲಿ ಒಂದು ಇಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಅದನ್ನು ಮಾಡಿದವರು ಯಾರು?

ಈ ಪ್ರಶ್ನೆಗೆ ನಮ್ಮ ಚರಿತ್ರೆಯಲ್ಲಿ ಉತ್ತರ ಅಪರೂಪ. ಆಯಿನ್-ಎ-ಅಕ್ಬರಿಯಲ್ಲಿ ಕೋಫ್ತ್‌ಗರ್, ಮೀನಾಕಾರ್ ಮುಂತಾದವರ ಕೂಲಿಯ ದರಗಳಿವೆ, ಕೂಲಿ ಪಡೆದವರ ಹೆಸರಿಲ್ಲ. ತಾಜಮಹಲಿನ ಕಲ್ಲುಗಳಲ್ಲಿ ಕಲ್ಲು ಕೂರಿಸಿದ ಸಾವಿರಾರು ಹೂಗಳಿವೆ. ಅಲ್ಲಿ ಸಹಿ ಹಾಕಿರುವುದು ಅಕ್ಷರ ಬರೆದ ಅಮಾನತ್ ಖಾನ್ ಒಬ್ಬನೇ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವನ್ನು ತಾವು ನೋಡಿರಬಹುದು. ಕಟ್ಟಿಸಿದ ಅಲಿ ಬರೀದನ ಹೆಸರು ಮಾರ್ಗದರ್ಶಿಗೆ ಬಾಯಿಪಾಠ. ಚಿಪ್ಪನ್ನು ಬಳ್ಳಿಯಾಗಿ ಕತ್ತರಿಸಿದವನ ಹೆಸರು ಯಾರಿಗೂ ಬೇಕಾಗಿಲ್ಲ. ಹಿಂದೂ ಪುರಣ್-ಕಲ್ಯಾಣ್, ಮುಸ್ಲಿಮ್ ದಾವೂದ್ ಇವರೆಲ್ಲ ಒಂದೇ ಕಾರ್ಖಾನೆಗೆ ಕೆಲಸ ಮಾಡಿದರು. ಅವರ ನಡುವೆ ಸ್ಪರ್ಧೆ ಇದ್ದಿದ್ದರೆ ಅದು ಗೆರೆಯ ನಯದ ಬಗ್ಗೆ ಇದ್ದಿರಬೇಕು.

ಬೀದರಿನಲ್ಲಿ ಈ ಕೈ ಇನ್ನೂ ಬದುಕಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ತೋಡು ಕೊರೆದು ಬೆಳ್ಳಿ ತುಂಬಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಬಿದ್ರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಬಿದ್ರಿ ಹೂಜಿಯ ಮೇಲೂ ಉಗುರು ಎಳೆದು ನೋಡಿ, ಒಳ್ಳೆಯ ಕೆಲಸದಲ್ಲಿ ಬೆಳ್ಳಿ ಎಲ್ಲಿ ಆರಂಭವಾಯಿತೆಂದು ಬೆರಳಿಗೆ ತಿಳಿಯುವುದಿಲ್ಲ. ನಮ್ಮ ಸಂಸ್ಥೆಯ ಎಷ್ಟೋ ಮಕ್ಕಳ ಮನೆಗಳಲ್ಲಿ ತಂದೆಯೋ ಅಜ್ಜನೋ ಇಂಥ ಕೈಗೆಲಸದವರು. ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗದಲ್ಲಿ ಆ ಮಕ್ಕಳು ಕೂಲಿ ಎಂದಷ್ಟೇ ಬರೆಯುವುದನ್ನು ನಾನು ಹಲವು ಸಲ ನೋಡಿದ್ದೇನೆ. ಪೆನ್ನು ಕೊಟ್ಟು ತಿದ್ದಿಸಿದ್ದೂ ಇದೆ.

ಚಾಚಾ ತಂದ ಆ ಚಾಕು ಈಗ ಆಪಾಳ ಬಳಿ ಇದೆ. ಅವಳು ಮುಖ್ಯೋಪಾಧ್ಯಾಯಿನಿಯಾಗಿದ್ದಾಳೆ. ಕಪಾಟಿನಿಂದ ಹೊರಬಂದ ಚಾಕು ಅಡಿಗೆಮನೆ ಸೇರಿದೆ. ಬೇಸಿಗೆಯಲ್ಲಿ ಮಾವಿನಹಣ್ಣು ಹೆಚ್ಚಲು ಅದೇ ಆಗಬೇಕು ಅವಳಿಗೆ. ಕಳೆದ ರಮಜಾನಿನಲ್ಲಿ ಹೋದಾಗ ನೋಡಿದೆ, ನೀಲಿಯ ಒಂದು ತುಂಡು ಉದುರಿಹೋಗಿದೆ. ಆ ಗುಳಿಯ ತಳದಲ್ಲಿ ಅಂಟು ಹಿಡಿಯಲೆಂದು ಅರದಿಂದ ಎಳೆದ ಗೀಚುಗಳು ಕಂಡವು. ಹೊರಗೆ ಎಂದೂ ಕಾಣಬಾರದ ಜಾಗ ಅದು. ಆದರೂ ಗೀಚುಗಳು ಒಂದರ ಪಕ್ಕ ಒಂದು, ಸಮ ಅಂತರದಲ್ಲಿ ಇದ್ದವು. ಆಪಾ ಚಾಕು ಮಡಚಿದಳು. ಸದ್ದು ಹಿಂದಿನಂತೆಯೇ ಖಡಕ್ಕಾಗಿತ್ತು.